ಮೊದಲು ಲದ್ದಿ, ಆಮೇಲೆ ಔಷಧಿ

(ಮೈಸೂರಿನಲ್ಲಿ ಟಾಂಗಾ ಮಾಲೀಕರು, ಸವಾರಿ ಕಲಿಸುವವರು ಮತ್ತು ಮನೆಯಲ್ಲಿ ಕುದುರೆ ಸಾಕುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬರುವಾಗ ನಿಮ್ಮ ಕುದುರೆಯ ಇವತ್ತಿನ ಲದ್ದಿಯನ್ನು ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ ಎಂದು ಹೇಳಿದ್ದೆ. ತುಂಬಾ ಜನ ತಂದಿದ್ದೀರಿ, ಖುಷಿಯಾಯಿತು. ಎಲ್ಲವನ್ನೂ ತಣ್ಣಗಿರುವ ಕಡೆ ಇಡಿಸಿದ್ದೇನೆ. ಮಾತು ಮುಗಿದ ಮೇಲೆ ಈ ಮೇಜಿನ ಮೇಲಿರುವ ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ನೋಡೋಣ.

ನಾನು ಪಶುವೈದ್ಯನಾಗಿ ಮೂವತ್ತು ವರ್ಷ ಆಗುತ್ತಾ ಬಂತು. ಮೊದಲ ಹತ್ತು ವರ್ಷ ಯಾರು ಕೇಳಿದರೂ ಒಂದೇ ಮಾತು ಹೇಳುತ್ತಿದ್ದೆ. "ಎರಡು ತಿಂಗಳಿಗೊಮ್ಮೆ ಜಂತುಹುಳು ಔಷಧಿ ಕೊಡಿ, ಮರೀಬೇಡಿ." ನಿಮ್ಮಲ್ಲಿ ಕೆಲವರ ತಂದೆಯವರಿಗೂ ಹೇಳಿದ್ದೇನೆ. ಇವತ್ತು ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಬಂದಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ಮೊದಲು ಆ "ಎರಡು ತಿಂಗಳು" ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು.

ಅದು ಬಂದದ್ದು ಅಮೆರಿಕದ ಕೆಂಟಕಿಯಿಂದ. ರೇಸ್ ಕುದುರೆಗಳನ್ನು ಬೆಳೆಸುವ ದೊಡ್ಡ ಸೀಮೆ ಅದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಡ್ರಜ್ ಮತ್ತು ಲಯನ್ಸ್ ಎಂಬ ಇಬ್ಬರು ವಿಜ್ಞಾನಿಗಳಿದ್ದರು. 1966ರಲ್ಲಿ ಅವರು ಎರಡು ತಿಂಗಳಿಗೊಮ್ಮೆ ಎಲ್ಲ ಕುದುರೆಗೂ ಔಷಧಿ ಕೊಡುವ ಪದ್ಧತಿಯನ್ನು ಮುಂದಿಟ್ಟರು. ಅವರ ಮನಸ್ಸಿನಲ್ಲಿದ್ದ ಶತ್ರು ಒಂದೇ. ಸ್ಟ್ರಾಂಗೈಲಸ್ ವಲ್ಗ್ಯಾರಿಸ್. ನಾವು ಅದನ್ನು ರಕ್ತಹುಳು ಎಂದು ಕರೆಯೋಣ.

ಈ ರಕ್ತಹುಳುವಿನ ಓಡಾಟ ಭಯ ಹುಟ್ಟಿಸುವಂಥದ್ದು. ಲದ್ದಿಯಲ್ಲಿ ಮೊಟ್ಟೆ ಹೊರಗೆ ಬರುತ್ತದೆ. ಮೊಟ್ಟೆ ಒಡೆದು ಮರಿಹುಳು ಬೆಳೆಯುತ್ತದೆ. ಇಬ್ಬನಿ ಬಿದ್ದ ಹುಲ್ಲಿನ ಎಸಳನ್ನು ಹತ್ತಿ ಕೂರುತ್ತದೆ. ಕುದುರೆ ಹುಲ್ಲು ತಿಂದಾಗ ಒಳಗೆ ಹೋಗುತ್ತದೆ. ಅಲ್ಲಿ ಸುಮ್ನೆ ಕರುಳಿನಲ್ಲಿ ಇದ್ದರೆ ಅಷ್ಟು ತೊಂದರೆ ಇಲ್ಲ. ಆದರೆ ಅದು ಕರುಳಿನ ಗೋಡೆ ಕೊರೆದು ಸಣ್ಣ ರಕ್ತನಾಳಕ್ಕೆ ಇಳಿಯುತ್ತದೆ. ಅದರ ಗೋಡೆ ಹಿಡಿದು ಮೇಲೆ ಹೋಗುತ್ತಾ, ಕರುಳಿಗೆ ರಕ್ತ ಕೊಡುವ ಮುಖ್ಯ ನಾಳವನ್ನು ಎರಡು ಮೂರು ವಾರದಲ್ಲಿ ಮುಟ್ಟುತ್ತದೆ. ಅಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನಾಳ ಊದಿಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಒಂದು ಚೂರು ಕಳಚಿಕೊಂಡು ಮುಂದಿನ ಸಣ್ಣ ನಾಳಕ್ಕೆ ಬಿರಡೆ ಹಾಕಿದರೆ ಅಷ್ಟು ಉದ್ದದ ಕರುಳು ಸಾಯುತ್ತದೆ. ಹೊರಗಿನಿಂದ ನಮಗೆ ಕಾಣುವುದು ಹೊಟ್ಟೆನೋವು ಮಾತ್ರ. ಕುದುರೆ ನೆಲ ಕೆರೆಯುತ್ತದೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ, ಬಿದ್ದು ಹೊರಳುತ್ತದೆ.

ಮರಿಹುಳು ಕರುಳಿಗೆ ವಾಪಸ್ ಬಂದು, ದೊಡ್ಡದಾಗಿ, ಮೊಟ್ಟೆ ಇಡಲು ಆರೇಳು ತಿಂಗಳು ಬೇಕು. ಕೆಂಟಕಿಯವರು ಹಿಡಿದದ್ದು ಇದೇ ದಾರವನ್ನು. ಎರಡು ತಿಂಗಳಿಗೊಮ್ಮೆ ಔಷಧಿ ಕೊಟ್ಟರೆ ಮೊಟ್ಟೆ ಇಡುವ ಹುಳು ಉಳಿಯುವುದಿಲ್ಲ. ಬಯಲಿಗೆ ಹೊಸ ಮೊಟ್ಟೆ ಬೀಳುವುದಿಲ್ಲ. ಅದು ಕೆಲಸ ಮಾಡಿತು. 1980ರ ದಶಕದಲ್ಲಿ ಐವರ್ಮೆಕ್ಟಿನ್ ಬಂದ ಮೇಲಂತೂ ಚೆನ್ನಾಗಿ ನೋಡಿಕೊಂಡ ಫಾರ್ಮುಗಳಲ್ಲಿ ರಕ್ತಹುಳು ಬಹುಮಟ್ಟಿಗೆ ಕಾಣೆಯಾಯಿತು. ಅವರು ಮಾಡಿದ್ದು ಆ ಕಾಲಕ್ಕೆ ಸರಿಯಾದ ಕೆಲಸ. ಎಷ್ಟೋ ಕುದುರೆ ಬದುಕಿದವು.

ಐವರ್ಮೆಕ್ಟಿನ್ ಹೆಸರು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಇದರ ಮೂಲ ಜಪಾನಿನ ಒಂದು ಹಿಡಿ ಮಣ್ಣು. ಸತೋಶಿ ಓಮುರಾ ಅವರು ಗಾಲ್ಫ್ ಮೈದಾನದ ಹತ್ತಿರ ಎತ್ತಿದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಇದು ಸಿಕ್ಕಿತು. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅವರ ತಂಡ ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿತು. ಕುದುರೆಯ ಚರ್ಮದಲ್ಲಿರುವ ಒಂದು ಜಾತಿಯ ಹುಳುವಿನ ಮರಿಗಳು ಇದರಿಂದ ಸಾಯುವುದು ಕಂಡಿತು. ಅದೇ ಜಾತಿಗೆ ಸೇರಿದ ಇನ್ನೊಂದು ಹುಳು ಆಫ್ರಿಕಾದಲ್ಲಿ ಜನರನ್ನು ಕುರುಡರನ್ನಾಗಿ ಮಾಡುತ್ತಿತ್ತು. ಕುದುರೆಯಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲೂ ಮಾಡಬಹುದು ಅಂತ ಹೊಳೆದದ್ದು ಹೀಗೆ. 1987ರಿಂದ ಆ ಔಷಧಿಯನ್ನು ಬಡ ದೇಶಗಳಿಗೆ ಉಚಿತವಾಗಿ ಕೊಡುತ್ತಿದ್ದಾರೆ. 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೋಟ್ಯಂತರ ಜನರ ಕಣ್ಣು ಉಳಿಸಿದ ಆ ಕಥೆಯಲ್ಲಿ ನಮ್ಮ ಕುದುರೆಗೂ ಒಂದು ಪಾಲಿದೆ. ನನಗೆ ಇದನ್ನು ಹೇಳುವಾಗಲೆಲ್ಲ ಹೆಮ್ಮೆ ಅನ್ನಿಸುತ್ತದೆ.

ಮತ್ತೆ ತೊಂದರೆ ಆದದ್ದು ಎಲ್ಲಿ?

ಕುದುರೆಯ ಹೊಟ್ಟೆಯಲ್ಲಿ ರಕ್ತಹುಳು ಒಂದೇ ಇರುವುದಿಲ್ಲ. ಅದರದ್ದೇ ಬಳಗದ ಸಣ್ಣ ಸ್ಟ್ರಾಂಗೈಲ್‌ಗಳು ಅಂತ ಇವೆ. ಐವತ್ತಕ್ಕೂ ಜಾಸ್ತಿ ಜಾತಿ. ಹುಲ್ಲು ಮೇಯುವ ಹೆಚ್ಚು ಕಡಿಮೆ ಪ್ರತಿ ಕುದುರೆಯಲ್ಲೂ ಇವು ಇರುತ್ತವೆ. ಇವು ರಕ್ತನಾಳಕ್ಕೆ ಹೋಗುವುದಿಲ್ಲ. ದೊಡ್ಡ ಕರುಳಿನ ಒಳಪದರದಲ್ಲಿ ಗೂಡು ಕಟ್ಟಿಕೊಂಡು ಮಲಗುತ್ತವೆ. ಕೆಲವು ವಾರದಲ್ಲೇ ಎದ್ದು ಬರಬಹುದು, ಎರಡು ವರ್ಷ ಹಾಗೇ ಇರಲೂಬಹುದು. ಅಲ್ಲಿರುವಾಗ ನಾವು ಕೊಡುವ ಹೆಚ್ಚಿನ ಔಷಧಿಗಳು ಅವುಗಳನ್ನು ಮುಟ್ಟುವುದಿಲ್ಲ. ಅಪರೂಪಕ್ಕೆ ಲಕ್ಷಗಟ್ಟಲೆ ಒಟ್ಟಿಗೆ ಎದ್ದು ಹೊರಬರುತ್ತವೆ. ಆಗ ನೀರಿನಂಥ ಭೇದಿ, ಮೈ ಇಳಿದು ಹೋಗುವುದು. ಆ ಸ್ಥಿತಿಗೆ ಬಂದ ಕುದುರೆಗಳಲ್ಲಿ ಅರ್ಧದಷ್ಟು ಉಳಿಯದೆ ಹೋಗಬಹುದು.

ರಕ್ತಹುಳುವಿಗೆ ಗುರಿ ಇಟ್ಟ ಔಷಧಿ ಪ್ರತಿ ಎರಡು ತಿಂಗಳಿಗೂ ಈ ಸಣ್ಣವುಗಳ ಮೇಲೂ ಬಿತ್ತು. ಏನಾಯಿತು ಅಂತ ತಿಳಿಯಲು ನಮ್ಮ ರಾಗಿ ಹೊಲ ನೆನಪು ಮಾಡಿಕೊಳ್ಳಿ. ಕೊಯ್ಲಿನಲ್ಲಿ ಅಜ್ಜಿ ಒಳ್ಳೆ ತೆನೆ ಆರಿಸಿ ಬಿತ್ತನೆಗೆ ಎತ್ತಿಡುತ್ತಿದ್ದರು ಅಲ್ವಾ? ವರ್ಷ ವರ್ಷ ಹಾಗೆ ಆರಿಸಿದರೆ ಹೊಲವೆಲ್ಲ ಆ ಗುಣದ್ದೇ ಆಗುತ್ತದೆ. ನಾವು ಔಷಧಿ ಕೊಟ್ಟಾಗಲೂ ಅದೇ ನಡೆಯುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಹುಳು ಸತ್ತು, ತಡೆದುಕೊಂಡ ಒಂದು ಉಳಿಯಿತು ಅನ್ನಿ. ಮುಂದಿನ ಬಿತ್ತನೆ ಬೀಜ ಅದೇ. ಎರಡು ತಿಂಗಳಿಗೆ ಮತ್ತೆ ಆರಿಸುತ್ತೇವೆ. ಎಲ್ಲ ಕುದುರೆಯಲ್ಲೂ ಒಂದೇ ದಿನ ಆರಿಸುತ್ತೇವೆ.

ಥಯಾಬೆಂಡಜೋಲ್ ಎಂಬ ಔಷಧಿ 1960ರ ದಶಕದ ಆರಂಭದಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಅದೇ ಕೆಂಟಕಿಯಲ್ಲಿ ಸಣ್ಣ ಸ್ಟ್ರಾಂಗೈಲ್‌ಗಳು ಅದಕ್ಕೆ ಬಗ್ಗುತ್ತಿಲ್ಲ ಎಂದು ಕಂಡಿತು. ಫೆನ್‌ಬೆಂಡಜೋಲ್ ಕೂಡ ಅದೇ ಕುಟುಂಬದ್ದು. ಇವತ್ತು ಲೋಕದ ಬಹುಪಾಲು ಕಡೆ ಸಣ್ಣ ಸ್ಟ್ರಾಂಗೈಲ್‌ಗಳ ಮೇಲೆ ಅದನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಪೈರಾಂಟೆಲ್ ಎರಡನೆಯ ಕುಟುಂಬ. ಅದಕ್ಕೂ ಹಲವು ಕಡೆ ಬಲ ಕುಗ್ಗಿದೆ. ಐವರ್ಮೆಕ್ಟಿನ್ ಮತ್ತು ಮಾಕ್ಸಿಡೆಕ್ಟಿನ್ ಮೂರನೆಯ ಕುಟುಂಬ. ಮೊದಲು ಐವರ್ಮೆಕ್ಟಿನ್ ಕೊಟ್ಟರೆ ಎಂಟು ವಾರ ಲದ್ದಿಯಲ್ಲಿ ಮೊಟ್ಟೆ ಕಾಣುತ್ತಿರಲಿಲ್ಲ. ಈಗ ಎಷ್ಟೋ ಫಾರ್ಮುಗಳಲ್ಲಿ ನಾಲ್ಕೈದು ವಾರಕ್ಕೇ ಕಾಣುತ್ತಿದೆ. ಕುದುರೆ ಮರಿಗಳಲ್ಲಿ ಬರುವ ದೊಡ್ಡ ದುಂಡುಹುಳು ಐವರ್ಮೆಕ್ಟಿನ್‌ಗೆ ಜಗ್ಗುತ್ತಿಲ್ಲ ಎಂಬ ವರದಿ 2002ರಲ್ಲೇ ನೆದರ್ಲೆಂಡ್ಸ್‌ನಿಂದ ಬಂತು.

ನಾಲ್ಕನೆಯ ಕುಟುಂಬ ಇಲ್ಲ. ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇದೆ, ಅದು ಬೇರೆ. ಸ್ಟ್ರಾಂಗೈಲ್‌ಗಳಿಗೆ ಐವರ್ಮೆಕ್ಟಿನ್ ಆದಮೇಲೆ ಕುದುರೆಗೆ ಅಂತ ಹೊಸ ಕುಟುಂಬದ ಔಷಧಿ ಬಂದಿಲ್ಲ. ಸದ್ಯಕ್ಕೆ ಬರುವ ಲಕ್ಷಣವೂ ಕಾಣುತ್ತಿಲ್ಲ. 2019ರ ಜಾನುವಾರು ಗಣತಿ ಪ್ರಕಾರ ನಮ್ಮ ಇಡೀ ದೇಶದಲ್ಲಿ ಕುದುರೆಗಳು ಸುಮಾರು 3.4 ಲಕ್ಷ. 2012ರಿಂದ ಏಳು ವರ್ಷದಲ್ಲಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿವೆ. ಇಷ್ಟು ಕಡಿಮೆ ಪ್ರಾಣಿಗೋಸ್ಕರ ಯಾರು ಹೊಸ ಔಷಧಿ ಹುಡುಕುತ್ತಾರೆ? ನಮ್ಮ ಕೈಯಲ್ಲಿ ಇರುವುದನ್ನೇ ನಮ್ಮ ಮಕ್ಕಳ ಕಾಲಕ್ಕೂ ಉಳಿಸಬೇಕು.

ಹಾಗಾದರೆ ಔಷಧಿ ನಿಲ್ಲಿಸಿಬಿಡೋಣವೇ? ಬೇಡ. ಡೆನ್ಮಾರ್ಕಿನಲ್ಲಿ 1999ರಲ್ಲಿ ಕಾನೂನು ಬಂತು. ವೈದ್ಯರ ಚೀಟಿ ಇಲ್ಲದೆ, ಹುಳು ಇದೆ ಎಂದು ತಿಳಿಯದೆ ಔಷಧಿ ಕೊಡುವ ಹಾಗಿಲ್ಲ. ಒಳ್ಳೆಯ ಕಾನೂನು. ಆದರೆ ಬೇಕಾದ ಕುದುರೆಗೆ ಮಾತ್ರ ಔಷಧಿ ಕೊಡುತ್ತಾ ಹೋದ ಫಾರ್ಮುಗಳಲ್ಲಿ ನಿಧಾನವಾಗಿ ಆ ಹಳೆಯ ರಕ್ತಹುಳು ಮತ್ತೆ ತಲೆ ಎತ್ತಿತು. ಅದಕ್ಕೇ ಈಗ ತಿಳಿದವರು ಹೇಳುವುದು ಇಷ್ಟು: ದೊಡ್ಡ ಕುದುರೆಗಳಿಗೆ ವರ್ಷಕ್ಕೆ ಒಂದೋ ಎರಡೋ ಸಲ ಎಲ್ಲಕ್ಕೂ ಕೊಡಿ. ಅದಕ್ಕಿಂತ ಜಾಸ್ತಿ ಕೊಡುವುದಿದ್ದರೆ ಲದ್ದಿ ನೋಡಿ ಕೊಡಿ.

ಲದ್ದಿ ನೋಡುವುದು ಅಂದರೆ ಏನು? ದೊಡ್ಡ ವಿದ್ಯೆ ಅಲ್ಲ. ನಾಲ್ಕು ಗ್ರಾಂ ಲದ್ದಿ, 56 ಮಿಲಿಲೀಟರ್ ಉಪ್ಪುನೀರು. ಉಪ್ಪು ಇನ್ನು ಕರಗುವುದಿಲ್ಲ ಅನ್ನುವಷ್ಟು ಗಟ್ಟಿ ನೀರು. ಕದಡಿ, ಸೋಸಿ, ಗೆರೆ ಹಾಕಿದ ಎರಡು ಕೋಣೆಯ ಗಾಜಿನೊಳಗೆ ಬಿಡುತ್ತೇವೆ. ಮೊಟ್ಟೆ ಹಗುರ, ಉಪ್ಪುನೀರಿನಲ್ಲಿ ತೇಲಿ ಮೇಲೆ ಬರುತ್ತದೆ. ಎರಡೂ ಕೋಣೆಯ ಗೆರೆಗಳೊಳಗೆ ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಮೊಟ್ಟೆ ಅಂತ ಗೊತ್ತಾಗುತ್ತದೆ. ಇದಕ್ಕೆ ಮ್ಯಾಕ್‌ಮಾಸ್ಟರ್ ಎಣಿಕೆ ಎನ್ನುತ್ತಾರೆ. 200ರೊಳಗೆ ಇದ್ದರೆ ಕಡಿಮೆ. 500ಕ್ಕಿಂತ ಮೇಲಿದ್ದರೆ ಜಾಸ್ತಿ. ನಡುವೆ ಇದ್ದರೆ ಮಧ್ಯಮ.

ಇದರಲ್ಲಿ ಆಶ್ಚರ್ಯದ ಸಂಗತಿ ಒಂದಿದೆ. ಒಂದೇ ಬಯಲಿನಲ್ಲಿ ಮೇಯುವ ಹತ್ತು ಕುದುರೆಗಳಲ್ಲಿ ಮೊಟ್ಟೆಗಳ ಬಹುಪಾಲು ಎರಡೇ ಕುದುರೆಯಿಂದ ಬರುತ್ತದೆ. ಉಳಿದ ಎಂಟು ತಮ್ಮ ಮೈಯ ಬಲದಿಂದಲೇ ಹುಳುವನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಕಡಿಮೆ ಮೊಟ್ಟೆಯ ಕುದುರೆ ಸಾಮಾನ್ಯವಾಗಿ ವರ್ಷ ವರ್ಷವೂ ಕಡಿಮೆಯೇ. ಆ ಎಂಟಕ್ಕೂ ಎರಡು ತಿಂಗಳಿಗೊಮ್ಮೆ ಔಷಧಿಯ ಪೇಸ್ಟ್ ಹಾಕಿ ಏನು ಸಾಧಿಸಿದೆವು? ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಔಷಧಿಯ ರುಚಿಯೇ ನೋಡದ, ಸುಲಭವಾಗಿ ಸಾಯುವ ಹುಳುಗಳ ತಳಿಯನ್ನು ನಾವೇ ಕಳೆದುಕೊಂಡೆವು. ಆ ಸಾದಾ ಹುಳುಗಳು ಬಯಲಿನಲ್ಲಿ ಇದ್ದರೇ ಗಟ್ಟಿ ಹುಳುಗಳ ಬೀಜ ಅವುಗಳ ಜೊತೆ ಬೆರೆತು ತೆಳುವಾಗುತ್ತದೆ.

ಎಣಿಕೆಗೂ ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಕರುಳಿನ ಪದರದಲ್ಲಿ ಮಲಗಿದ ಮರಿಹುಳು ಮೊಟ್ಟೆ ಇಡುವುದಿಲ್ಲ, ಹಾಗಾಗಿ ಎಣಿಕೆಗೆ ಸಿಗುವುದಿಲ್ಲ. ಲಾಡಿಹುಳುವಿನ ಮೊಟ್ಟೆ ಎಷ್ಟೋ ಸಲ ತಪ್ಪಿಹೋಗುತ್ತದೆ. ರಕ್ತಹುಳು ಮತ್ತು ಸಣ್ಣ ಸ್ಟ್ರಾಂಗೈಲ್‌ನ ಮೊಟ್ಟೆ ನೋಡಲು ಒಂದೇ ಥರ. ಬೇರೆ ಮಾಡಬೇಕಾದರೆ ಲ್ಯಾಬಿನಲ್ಲಿ ಮರಿ ಮಾಡಿಸಿ ನೋಡಬೇಕು. ವರ್ಷಕ್ಕೆ ಒಂದೆರಡು ಸಲ ಎಲ್ಲಕ್ಕೂ ಕೊಡಿ ಎಂದು ಹೇಳಿದ್ದು ಇದಕ್ಕೇ.

ಎಣಿಕೆಯಿಂದ ಆಗುವ ಇನ್ನೂ ದೊಡ್ಡ ಉಪಯೋಗ, ನೀವು ಕೊಟ್ಟ ಔಷಧಿ ಕೆಲಸ ಮಾಡಿತೇ ಎಂದು ತಿಳಿಯುವುದು. ಔಷಧಿ ಕೊಡುವ ದಿನ ಎಣಿಸಿ. ಹದಿನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ. ಮೊದಲು 800 ಇದ್ದದ್ದು 200ಕ್ಕೆ ಇಳಿದಿದ್ದರೆ ಮುಕ್ಕಾಲು ಪಾಲು ಹೋಯಿತು ಅಂತ ಸಮಾಧಾನ ಪಡಬೇಡಿ. ಆ ಔಷಧಿ ನಿಮ್ಮ ಲಾಯದಲ್ಲಿ ಸೋತಿದೆ. ಫೆನ್‌ಬೆಂಡಜೋಲ್ ಆದರೆ 95 ಪ್ರತಿಶತಕ್ಕಿಂತ ಜಾಸ್ತಿ ಇಳಿಯಬೇಕು, ಐವರ್ಮೆಕ್ಟಿನ್ ಆದರೆ 98ಕ್ಕಿಂತ ಜಾಸ್ತಿ. ಆರೇಳು ಕುದುರೆಯ ಸರಾಸರಿ ತೆಗೆದರೆ ಲೆಕ್ಕ ಇನ್ನೂ ನಂಬಿಕೆಗೆ ಬರುತ್ತದೆ. ನೀವು ಅಕ್ಕಪಕ್ಕದ ಲಾಯದವರು ಸೇರಿ ಮಾಡಿಸಿದರೆ ಸುಲಭ.

ಕೆಲವೊಮ್ಮೆ ಸೋತದ್ದು ಔಷಧಿ ಅಲ್ಲ, ಅಳತೆ. ಕಣ್ಣಂದಾಜಿನಲ್ಲಿ "ಇದು 250 ಕೆಜಿ ಇರಬಹುದು" ಅನ್ನುತ್ತೇವೆ. ಟೈಲರ್ ಟೇಪ್ ತೆಗೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ನೋಡಿ. ಭುಜದ ಮೂಳೆಯ ತುದಿಯಿಂದ ಪಿರ್ರೆಯ ಮೂಳೆಯ ತುದಿವರೆಗೆ ಉದ್ದ ನೋಡಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 150 ಇದ್ದರೆ ತೂಕ ಸುಮಾರು 323 ಕೆಜಿ ಬರುತ್ತದೆ. 250 ಎಂದು ಕೊಟ್ಟಿದ್ದರೆ ಎಷ್ಟು ಕಡಿಮೆ ಆಗುತ್ತಿತ್ತು ನೋಡಿ. ಬಾಯಲ್ಲಿ ಮೇವು ಇರುವಾಗ ಪೇಸ್ಟ್ ಹಾಕಬೇಡಿ, ಮೇವಿನ ಜೊತೆ ಉಗಿದುಬಿಡುತ್ತದೆ. ನಾಲಿಗೆಯ ಬುಡಕ್ಕೆ ಹಾಕಿ, ನುಂಗುವವರೆಗೆ ತಲೆ ಎತ್ತಿ ಹಿಡಿಯಿರಿ. ಕೆಳಗೆ ಬಿದ್ದ ಪೇಸ್ಟನ್ನು ನಾಯಿ ನೆಕ್ಕದ ಹಾಗೆ ನೋಡಿಕೊಳ್ಳಿ. ಕಾಲಿಯಂಥ ಕೆಲವು ತಳಿಯ ನಾಯಿಗಳಿಗೆ ಅಷ್ಟು ಐವರ್ಮೆಕ್ಟಿನ್ ಪ್ರಾಣಕ್ಕೆ ಕುತ್ತು.

ಈಗ ಮರಿಗಳ ವಿಷಯ. ಇದನ್ನು ಹೇಳುವುದು ನನಗೆ ಕಷ್ಟ, ಆದರೆ ಹೇಳಲೇಬೇಕು. ಇಪ್ಪತ್ತು ವರ್ಷದ ಹಿಂದಿನ ಮಾತು. ಐದು ತಿಂಗಳ ಒಂದು ಗಂಡು ಮರಿ. ಹೊಟ್ಟೆ ಗುಡಾಣ, ಬೆನ್ನು ಬರೀ ಮೂಳೆ, ಮೈಗೂದಲು ಒರಟು, ಆಗಾಗ ಕೆಮ್ಮು. ಮನೆಯವರು ಅದನ್ನು ಮಗುವಿನ ಹಾಗೆ ಸಾಕಿದ್ದರು. ಅದುವರೆಗೆ ಯಾವ ಔಷಧಿಯೂ ಬಿದ್ದಿರಲಿಲ್ಲ. ನಾನು ಲದ್ದಿ ನೋಡಲಿಲ್ಲ. ಹುಳು ಇದೆ ಅಂತ ಕಣ್ಣಿಗೇ ಕಾಣುತ್ತಿತ್ತಲ್ಲ. ತೂಕಕ್ಕೆ ಸರಿಯಾಗಿ ಐವರ್ಮೆಕ್ಟಿನ್ ಕೊಟ್ಟು ಮನೆಗೆ ಬಂದೆ. ಮಾರನೆಯ ದಿನ ಬೆಳಿಗ್ಗೆ ಫೋನ್ ಬಂತು, ಮರಿ ಹೊರಳಾಡುತ್ತಿದೆ ಅಂತ. ನಾನು ಹೋಗುವಷ್ಟರಲ್ಲಿ ಮೂಗಿನಿಂದ ನೀರು ಬರುತ್ತಿತ್ತು. ಸಂಜೆಯೊಳಗೆ ಹೋಯಿತು. ಹೊಟ್ಟೆ ತೆರೆದು ನೋಡಿದರೆ ಸಣ್ಣ ಕರುಳಿನ ತುಂಬಾ ದುಂಡುಹುಳು. ಒಂದೊಂದೂ ಗೇಣುದ್ದ, ಬಿಳಿ, ಹಗ್ಗ ಹೊಸೆದ ಹಾಗೆ ಗಟ್ಟಿಯಾಗಿ ತುಂಬಿಕೊಂಡಿದ್ದವು.

ಐವರ್ಮೆಕ್ಟಿನ್ ಮತ್ತು ಪೈರಾಂಟೆಲ್ ಹುಳುವಿಗೆ ಲಕ್ವ ಹೊಡೆಸುತ್ತವೆ. ಎಲ್ಲ ಹುಳು ಒಟ್ಟಿಗೆ ಹಿಡಿತ ಬಿಟ್ಟು ಒಂದೇ ಕಡೆ ಬಂದು ಸಿಕ್ಕಿಕೊಳ್ಳುತ್ತವೆ. ಫೆನ್‌ಬೆಂಡಜೋಲ್ ನಿಧಾನವಾಗಿ, ಹುಳುವನ್ನು ಉಪವಾಸ ಕೆಡವಿ ಕೊಲ್ಲುತ್ತದೆ. ಹುಳು ತುಂಬಿದ ಮರಿಗೆ ಅದು ವಾಸಿ. ದುಂಡುಹುಳು ಬಹಳ ಕಡೆ ಈಗಲೂ ಅದಕ್ಕೆ ಸಾಯುತ್ತದೆ. ಅದಕ್ಕಿಂತ ಮುಖ್ಯ, ತುಂಬುವ ತನಕ ಕಾಯಬಾರದು. ಮರಿ ನುಂಗಿದ ಮೊಟ್ಟೆ ದೊಡ್ಡ ಹುಳುವಾಗಿ ತಾನೇ ಮೊಟ್ಟೆ ಇಡಲು ಹತ್ತು ಹನ್ನೆರಡು ವಾರ ಹಿಡಿಯುತ್ತದೆ. ಹಾಗಾಗಿ ಎರಡರಿಂದ ಮೂರು ತಿಂಗಳ ಒಳಗೆ ಮೊದಲ ಸಲ ಫೆನ್‌ಬೆಂಡಜೋಲ್ ಕೊಡಿ. ಹಾಲು ಬಿಡಿಸುವ ಹೊತ್ತಿಗೆ ಲದ್ದಿ ನೋಡಿ. ದುಂಡುಹುಳುವೋ ಸ್ಟ್ರಾಂಗೈಲೋ ಎಂದು ತಿಳಿದು ಎರಡನೆಯದು ಕೊಡಿ. ಮಾಕ್ಸಿಡೆಕ್ಟಿನ್ ಎಳೆ ಮರಿಗೆ ಬೇಡವೇ ಬೇಡ, ಅಳತೆ ಸ್ವಲ್ಪ ಮೀರಿದರೂ ಮರಿ ನೆಲ ಹಿಡಿಯುತ್ತದೆ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಮರಿ ಹಾಕುವ ಜಾಗವನ್ನು ಪ್ರತಿ ಸಲ ಬಿಸಿನೀರು ಹಾಕಿ ಉಜ್ಜಿ ತೊಳೆಯಿರಿ.

ಯಾವ ತಿಂಗಳು ಕೊಡಬೇಕು ಎಂದು ಕೇಳುತ್ತೀರಿ. ಪುಸ್ತಕಗಳಲ್ಲಿರುವುದು ಹಿಮ ಬೀಳುವ ದೇಶಗಳ ಲೆಕ್ಕ. ನಮ್ಮಲ್ಲಿ ತಿರುಗುಮುರುಗು. ಹುಲ್ಲಿನ ಮೇಲಿನ ಮರಿಹುಳು ಏನೂ ತಿನ್ನುವುದಿಲ್ಲ, ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಬದುಕುತ್ತದೆ. ಬಿಸಿಲು ಜಾಸ್ತಿ ಆದಷ್ಟೂ ಬುತ್ತಿ ಬೇಗ ಖಾಲಿ. ಏಪ್ರಿಲ್, ಮೇ ಹೊತ್ತಿಗೆ ಬಯಲಿನಲ್ಲಿ ತುಂಬಾ ಕಡಿಮೆ ಉಳಿದಿರುತ್ತವೆ. ಆಗ ಎಲ್ಲ ಕುದುರೆಗೂ ಔಷಧಿ ಕೊಟ್ಟರೆ, ಮಳೆ ಬಂದಾಗ ಬಯಲು ತುಂಬುವುದು ಔಷಧಿ ತಡೆದುಕೊಂಡ ಹುಳುವಿನ ಸಂತತಿ ಮಾತ್ರ. ಅದಕ್ಕೇ ಬೇಸಿಗೆಯಲ್ಲಿ ಎಲ್ಲಕ್ಕೂ ಕೊಡಬೇಡಿ. ಮಳೆಗಾಲದ ನಡುವೆ ಒಂದು ಸಲ, ಮಳೆ ಮುಗಿದು ಕಾರ್ತಿಕದ ಹೊತ್ತಿಗೆ ಒಂದು ಸಲ. ಹಿಂಗಾರಿನದ್ದು ಐವರ್ಮೆಕ್ಟಿನ್ ಜೊತೆ ಪ್ರಾಜಿಕ್ವಾಂಟೆಲ್ ಸೇರಿದ ಪೇಸ್ಟ್ ಆಗಲಿ. ಇದು ನಮ್ಮ ಸೀಮೆಗೆ ನಾನು ಹಾಕಿಕೊಂಡ ಲೆಕ್ಕ. ಲದ್ದಿ ನೋಡುತ್ತಾ ನೀವು ತಿದ್ದಿಕೊಳ್ಳಬಹುದು.

ಔಷಧಿಗಿಂತ ಬುಟ್ಟಿ, ಸಲಿಕೆ ದೊಡ್ಡದು. ಮೇಯುವ ಜಾಗದಿಂದ ವಾರಕ್ಕೆ ಎರಡು ಸಲ ಲದ್ದಿ ಎತ್ತಿ. ತಿಪ್ಪೆಯಲ್ಲಿ ಚೆನ್ನಾಗಿ ಕಾವು ಬಂದು ಕೊಳೆತರೆ ಮರಿಹುಳು ಸಾಯುತ್ತವೆ. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್‌ಗಳು ಒಂದು ತಪ್ಪು ಮಾಡುವುದನ್ನು ನೋಡಿದ್ದೇನೆ. ಹಸಿ ಲದ್ದಿಯನ್ನು ನೇಪಿಯರ್ ಹುಲ್ಲಿಗೆ ಹಾಕಿ, ಅದೇ ಹುಲ್ಲು ಕೊಯ್ದು ಕುದುರೆಗೆ ಹಾಕುತ್ತಾರೆ. ಕಟ್ಟಿ ಮೇಯಿಸುವ ಕುದುರೆಗೂ ಹುಳು ಬರುವುದು ಹೀಗೆ. ಹಸಿ ಲದ್ದಿ ತೆಂಗಿನ ಬುಡಕ್ಕೆ ಹಾಕಿ, ಹುಲ್ಲಿಗೆ ಬೇಡ. ಕುದುರೆ ಮೇಯ್ದ ಜಾಗದಲ್ಲಿ ದನ ಮೇಯಿಸುವುದು ಒಳ್ಳೆಯದು. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ದನದ ಹೊಟ್ಟೆಯಲ್ಲಿ ಬದುಕುವುದಿಲ್ಲ.

ಪ್ರಶ್ನೆಗಳು ಬಂದಿವೆ.

"ದನಕ್ಕೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ ಅಗ್ಗ, ಅದನ್ನೇ ಚುಚ್ಚಬಹುದಾ ಸಾರ್?" ಬೇಡಪ್ಪ. ಕುದುರೆಯಲ್ಲಿ ಚುಚ್ಚಿದ ಜಾಗ ಊದಿ ಕೀವು ಆಗಬಹುದು, ಪ್ರಾಣಕ್ಕೇ ಬರುವ ಸೋಂಕೂ ಆಗಬಹುದು. ಬಾಯಿಗೆ ಕೊಡುವ, ಕುದುರೆಗೆ ಅಂತ ಮಾಡಿದ ಪೇಸ್ಟೇ ಕೊಡು. ವರ್ಷಕ್ಕೆ ಆರು ಸಲದ ಬದಲು ಎರಡು ಸಲ ಕೊಡುವುದಾದರೆ ಆ ಖರ್ಚು ತಾನೇ ಇಳಿಯುತ್ತದೆ.

"ಬೇವಿನ ಸೊಪ್ಪು, ಹೊಗೆಸೊಪ್ಪಿನ ನೀರು?" ನಮ್ಮ ಹಿರಿಯರು ಕೊಡುತ್ತಿದ್ದರು, ಗೊತ್ತು. ಬೇವು ಕೊಟ್ಟ ಕುದುರೆಗಳ ಲದ್ದಿ ನಾನು ಎಣಿಸಿದ್ದೇನೆ, ಮೊಟ್ಟೆ ಇಳಿದದ್ದು ನೋಡಿಲ್ಲ. ಹೊಗೆಸೊಪ್ಪು ಮಾತ್ರ ಕೊಡಲೇಬೇಡಿ, ಅದು ವಿಷ.

"ರೇಸಿನಿಂದ ಬಿಟ್ಟ ಕುದುರೆ ತಂದಿದ್ದೇವೆ, ಅದಕ್ಕೆ ಏನು ಮಾಡಬೇಕು?" ಒಳ್ಳೆಯ ಪ್ರಶ್ನೆ ಅಮ್ಮಾ. ಅಂಥ ಕುದುರೆಗಳು ಚಿಕ್ಕಂದಿನಿಂದ ಜಾಸ್ತಿ ಔಷಧಿ ನೋಡಿರುತ್ತವೆ. ಗಟ್ಟಿ ಹುಳುವನ್ನು ಹೊತ್ತು ತರುವ ಸಾಧ್ಯತೆ ಇದೆ. ಬಂದ ದಿನವೇ ನಿಮ್ಮ ಕುದುರೆಗಳ ಜೊತೆ ಬಿಡಬೇಡಿ. ಬೇರೆ ಕಟ್ಟಿ, ಲದ್ದಿ ಎಣಿಸಿ, ಔಷಧಿ ಕೊಡಿ. ಹದಿನಾಲ್ಕನೆಯ ದಿನ ಮತ್ತೆ ಎಣಿಸಿ. ಮೊಟ್ಟೆ ಪೂರ್ತಿ ಇಳಿದಿದ್ದರೆ ಮಾತ್ರ ಬಯಲಿಗೆ ಬಿಡಿ.

ಇನ್ನು ಮೈಕ್ರೋಸ್ಕೋಪಿನ ಹತ್ತಿರ ಬನ್ನಿ. ಒಬ್ಬೊಬ್ಬರಾಗಿ ಬಗ್ಗಿ ನೋಡಬೇಕು. ಕೋಳಿಮೊಟ್ಟೆಯ ಆಕಾರ, ತೆಳು ಸಿಪ್ಪೆ, ಒಳಗೆ ದ್ರಾಕ್ಷಿ ಗೊಂಚಲಿನ ಥರ ಇದ್ದರೆ ಅದು ಸ್ಟ್ರಾಂಗೈಲ್. ದುಂಡಗೆ, ಕಂದು ಬಣ್ಣ, ದಪ್ಪ ಸಿಪ್ಪೆ ಇದ್ದರೆ ದುಂಡುಹುಳು. ನೀಲಿ ಕವರು ಯಾರದ್ದು? ಮೊದಲು ಅದನ್ನು ಹಾಕುತ್ತೇನೆ.